ಪಿಕಪ್‌ನ ಮೂತಿ ಎತ್ತರಿಸಿದರೆ ಮುಂದಿನ ಆಕ್ಸಲ್ ಹಾಳಾಗುತ್ತದೆಯೇ? ಲೆವೆಲಿಂಗ್ ಕಿಟ್ ಹಾಕಿಸುವ ಮುನ್ನ ತಿಳಿದಿರಬೇಕಾದದ್ದು

ಕನಕಪುರದಿಂದ ದೊಡ್ಡಆಲಹಳ್ಳಿ ಮಾರ್ಗವಾಗಿ ಸಂಗಮ, ಮೇಕೆದಾಟು ಕಡೆಗೆ ಹೋಗುವ ರಸ್ತೆಯಲ್ಲಿ ಎರಡು ಬಗೆಯ ಗಾಡಿಗಳು ಕಾಣಸಿಗುತ್ತವೆ. ರೇಷ್ಮೆಗೂಡು, ಹಿಪ್ಪುನೇರಳೆ ಸೊಪ್ಪು, ಗೊಬ್ಬರದ ಮೂಟೆ, ಕಲ್ಲು ಹೊತ್ತು ದುಡಿಯುವ ಪಿಕಪ್‌ಗಳು ಒಂದು ಬಗೆ. ವಾರಾಂತ್ಯದಲ್ಲಿ ಬೆಂಗಳೂರಿನಿಂದ ಇಳಿದುಬರುವ, ದಪ್ಪ ಟಯರ್ ಹಾಕಿ ಮುಂಭಾಗ ಎತ್ತರಿಸಿಕೊಂಡ ಥಾರ್, ಹೈಲಕ್ಸ್, ವಿ-ಕ್ರಾಸ್‌ನಂಥವು ಇನ್ನೊಂದು ಬಗೆ. ಎರಡನೆಯದನ್ನು ನೋಡಿ ಮೊದಲನೆಯದರ ಮಾಲೀಕರಿಗೂ ಆಸೆ ಹುಟ್ಟುವುದು ಸಹಜ. ಹಾಗಾದಾಗ ಎರಡು ಮಾತು ಕಿವಿಗೆ ಬೀಳುತ್ತವೆ. 'ಎರಡು ಇಂಚು ಎತ್ತರಿಸಿದರೆ ಏನೂ ಆಗಲ್ಲ' ಎನ್ನುವುದು ಒಂದು. 'ಕಿಟ್ ಹಾಕಿದರೆ ಆಕ್ಸಲ್ ಮುರಿಯೋದು ಗ್ಯಾರಂಟಿ' ಎನ್ನುವುದು ಮತ್ತೊಂದು.

ಎರಡೂ ಪೂರ್ತಿ ನಿಜವಲ್ಲ. ಮುಂದಿನ ಆಕ್ಸಲ್‌ಗೆ ಪೆಟ್ಟು ಕೊಡುವುದು ಎತ್ತರಕ್ಕಿಂತ ಹೆಚ್ಚಾಗಿ, ಆ ಎತ್ತರದಿಂದ ಬದಲಾಗುವ ಕೋನ. ಅದರ ಜತೆಗೆ, ಎಷ್ಟೋ ಹಾನಿ ಕಿಟ್‌ನಿಂದ ಆಗುವುದೇ ಇಲ್ಲ; ಅದನ್ನು ಕೂರಿಸುವ ಒಂದೆರಡು ಗಂಟೆಯ ಅವಸರದಲ್ಲಿ ಆಗುತ್ತದೆ. ಹೇಗೆಂದು ನೋಡೋಣ.

ಲೆವೆಲಿಂಗ್ ಕಿಟ್ ಎಂದರೇನು?

ಖಾಲಿ ಪಿಕಪ್ ಅನ್ನು ಪಕ್ಕದಿಂದ ನೋಡಿ. ಮೂತಿ ಸ್ವಲ್ಪ ತಗ್ಗಿ, ಹಿಂಭಾಗ ಎತ್ತರವಾಗಿ ನಿಂತಿರುತ್ತದೆ. ಇದು ತಯಾರಿಕೆಯ ದೋಷವಲ್ಲ. ಹಿಂದೆ ಲೋಡ್ ಬಿದ್ದಾಗ ಕಮಾನು ಪಟ್ಟಿಗಳು ಅಮುಕಿ ಗಾಡಿ ಸಮತಟ್ಟಾಗಲಿ ಎಂದೇ ಕಂಪನಿಯವರು ಹೀಗೆ ಮಾಡಿರುತ್ತಾರೆ.

ಮುಂಭಾಗವನ್ನು ಮಾತ್ರ ಒಂದರಿಂದ ಎರಡೂವರೆ ಇಂಚು ಎತ್ತರಿಸಿ, ಖಾಲಿ ಇದ್ದಾಗಲೂ ಗಾಡಿ ಸಮವಾಗಿ ಕಾಣುವಂತೆ ಮಾಡುವ ಸಾಮಗ್ರಿಯೇ ಲೆವೆಲಿಂಗ್ ಕಿಟ್. ಮುಂದೆ ಕಾಯಿಲ್ ಸ್ಪ್ರಿಂಗ್ ಇರುವ ಗಾಡಿಗೆ ಲೋಹದ ಅಥವಾ ಗಟ್ಟಿ ಪ್ಲಾಸ್ಟಿಕ್ಕಿನ ಸ್ಪೇಸರ್ ಬಿಲ್ಲೆ ಹಾಕುತ್ತಾರೆ. ಟಾರ್ಶನ್ ಬಾರ್ ಇದ್ದರೆ ಅದರ ಬೋಲ್ಟನ್ನು ಬಿಗಿ ಮಾಡಿದರೂ ಮೂತಿ ಏಳುತ್ತದೆ. ಕಮಾನು ಪಟ್ಟಿ ಇದ್ದರೆ ಉದ್ದನೆಯ ಶ್ಯಾಕಲ್ ಅಥವಾ ಹೆಚ್ಚುವರಿ ಪಟ್ಟಿ ಹಾಕುತ್ತಾರೆ.

ನಿಮ್ಮ ಪಿಕಪ್ ದಿನವೂ ದುಡಿಯುವ ಗಾಡಿಯಾಗಿದ್ದರೆ ಇಲ್ಲೇ ಒಂದು ಪ್ರಶ್ನೆ ಕೇಳಿಕೊಳ್ಳಬೇಕು. ರೇಷ್ಮೆಗೂಡಿನ ಚೀಲಗಳು ಜಾಗ ತುಂಬುತ್ತವೆ, ತೂಕ ಕಡಿಮೆ. ಅವನ್ನು ರಾಮನಗರದ ಮಾರುಕಟ್ಟೆಗೆ ಒಯ್ಯುವಾಗ ಹಿಂಭಾಗ ಅಷ್ಟಾಗಿ ಕೂರುವುದಿಲ್ಲ. ಅದೇ ಗಾಡಿಗೆ ಮರುದಿನ ಸಿಮೆಂಟ್ ಮೂಟೆಯನ್ನೋ ಜಲ್ಲಿಯನ್ನೋ ತುಂಬಿದರೆ ಹಿಂಭಾಗ ಇಳಿಯುತ್ತದೆ. ಮೂತಿಯನ್ನು ಮೊದಲೇ ಎತ್ತರಿಸಿದ್ದರೆ ಈಗ ಅದು ಆಕಾಶ ನೋಡುತ್ತದೆ. ಹೆಡ್‌ಲೈಟ್ ಬೆಳಕು ಎದುರಿಂದ ಬರುವವರ ಕಣ್ಣಿಗೆ ನೇರ ಹೊಡೆಯುತ್ತದೆ, ಮುಂದಿನ ಚಕ್ರಗಳ ಮೇಲಿನ ಭಾರ ಕಡಿಮೆಯಾಗಿ ಸ್ಟಿಯರಿಂಗ್ ಹಗುರಾಗುತ್ತದೆ. ಹೆಚ್ಚು ದಿನ ಭಾರ ಹೊರುವ ಗಾಡಿಗೆ ಲೆವೆಲಿಂಗ್ ಕಿಟ್ ಬೇಡ ಎಂಬುದೇ ಸರಿಯಾದ ಸಲಹೆ.

ಮೊದಲು ನಿಮ್ಮ ಗಾಡಿಯ ಮುಂದಿನ ಆಕ್ಸಲ್ ಯಾವುದು ತಿಳಿಯಿರಿ

'ಮುಂದಿನ ಆಕ್ಸಲ್' ಎಂಬ ಒಂದೇ ಮಾತಿನ ಹಿಂದೆ ಮೂರು ಬೇರೆ ಬೇರೆ ವ್ಯವಸ್ಥೆಗಳಿವೆ. ಯಾವ ಭಾಗ ಕೆಡಬಹುದು ಎಂಬುದು ಅದರ ಮೇಲೆ ನಿಂತಿದೆ.

ಒಂದು, ಗಟ್ಟಿ ಆಕ್ಸಲ್. ಎರಡೂ ಚಕ್ರಗಳನ್ನು ಒಂದೇ ಉಕ್ಕಿನ ತೊಲೆ ಅಥವಾ ಕೊಳವೆ ಜೋಡಿಸಿರುತ್ತದೆ. ಮಾರುತಿ ಜಿಪ್ಸಿ, ಹಳೆಯ ಮಹೀಂದ್ರ ಜೀಪುಗಳು ಈ ಬಗೆಯವು. ಎರಡು, ಸ್ವತಂತ್ರ ಸಸ್ಪೆನ್ಶನ್ ಇರುವ ಫೋರ್ ವೀಲ್ ಡ್ರೈವ್. ಇಲ್ಲಿ ಎರಡು ಮುಂಚಕ್ರಗಳೂ ತಂತಮ್ಮ ಪಾಡಿಗೆ ಮೇಲೆ ಕೆಳಗೆ ಆಡುತ್ತವೆ, ಎಂಜಿನ್ನಿನ ಶಕ್ತಿ ಎರಡು ತುಂಡು ಶಾಫ್ಟ್‌ಗಳ ಮೂಲಕ ಅವಕ್ಕೆ ಬರುತ್ತದೆ. 2020ರಲ್ಲಿ ಬಂದ ಹೊಸ ಥಾರ್, ಟೊಯೋಟಾ ಹೈಲಕ್ಸ್, ಇಸುಜು ವಿ-ಕ್ರಾಸ್‌ನ ಫೋರ್ ವೀಲ್ ಡ್ರೈವ್ ಮಾದರಿಗಳು ಹೀಗಿವೆ. ಮೂರು, ಸ್ವತಂತ್ರ ಸಸ್ಪೆನ್ಶನ್ ಇದ್ದೂ ಹಿಂದಿನ ಚಕ್ರಗಳಷ್ಟೇ ಎಳೆಯುವ ಟೂ ವೀಲ್ ಡ್ರೈವ್. ಇಲ್ಲಿ ಮುಂಚಕ್ರಕ್ಕೆ ಶಕ್ತಿ ಒಯ್ಯುವ ಶಾಫ್ಟೇ ಇರುವುದಿಲ್ಲ.

ಆದ್ದರಿಂದ 'ಅವನ ಗಾಡಿಗೆ ಹಾಕಿಸಿ ಎರಡು ವರ್ಷ ಆಯ್ತು, ಏನೂ ಆಗಿಲ್ಲ' ಎಂಬ ಮಾತು ನಿಮ್ಮ ಗಾಡಿಗೆ ಅನ್ವಯಿಸದೆ ಇರಬಹುದು.

ಕೋನದ ಲೆಕ್ಕ

ಎರಡನೆಯ ಬಗೆಯಲ್ಲಿ ಹೆಚ್ಚು ತೊಂದರೆಗೆ ಒಳಗಾಗುವುದು ಸಿ.ವಿ. ಜಾಯಿಂಟ್. ಚಕ್ರ ಮೇಲೆ ಕೆಳಗೆ ಆಡುತ್ತಿರುವಾಗಲೂ, ಪಕ್ಕಕ್ಕೆ ತಿರುಗಿದಾಗಲೂ, ಅದಕ್ಕೆ ಒಂದೇ ವೇಗದಲ್ಲಿ ತಿರುಗುವ ಶಕ್ತಿ ತಲುಪಿಸುವ ಕೀಲು ಇದು. ಇಂದಿನ ಬಹುತೇಕ ಗಾಡಿಗಳ ಚಕ್ರದ ಬದಿಯಲ್ಲಿರುವ ಗುಂಡುಗಳ ಕೀಲು, ಆಲ್ಫ್ರೆಡ್ ರ್ಜೆಪ್ಪಾ ಎಂಬ ಎಂಜಿನಿಯರ್ 1920ರ ದಶಕದಲ್ಲಿ ರೂಪಿಸಿದ್ದು. ಅದು ತುಂಬಾ ಬಾಗಬಲ್ಲದು. ಆದರೆ ಡಿಫರೆನ್ಶಿಯಲ್ ಬದಿಯಲ್ಲಿರುವ ಒಳಗಿನ ಕೀಲು ಅಷ್ಟು ಬಾಗುವುದಿಲ್ಲ. ಸಾಮಾನ್ಯವಾಗಿ 25 ಡಿಗ್ರಿಯ ಆಸುಪಾಸಿನಲ್ಲಿ ಅದರ ಮಿತಿ ಮುಗಿಯುತ್ತದೆ.

ಒಂದು ಉದಾಹರಣೆ ಲೆಕ್ಕ ಹಾಕೋಣ. ಎರಡು ಕೀಲುಗಳ ನಡುವಿನ ಶಾಫ್ಟ್ 40 ಸೆಂ.ಮೀ. ಉದ್ದವಿದೆ, ಗಾಡಿ ನಿಂತಾಗ ಅದು 5 ಡಿಗ್ರಿ ಇಳಿಜಾರಾಗಿದೆ ಎಂದುಕೊಳ್ಳಿ. ಮೂತಿಯನ್ನು 5 ಸೆಂ.ಮೀ. ಎತ್ತರಿಸಿದರೆ ಡಿಫರೆನ್ಶಿಯಲ್ ಮೇಲೇರುತ್ತದೆ, ಚಕ್ರ ನೆಲದಲ್ಲೇ ಉಳಿಯುತ್ತದೆ. ಶಾಫ್ಟಿನ ಇಳಿಜಾರು ಸುಮಾರು 12 ಡಿಗ್ರಿಗೆ ಏರುತ್ತದೆ. ಇಷ್ಟರಿಂದ ಕೀಲು ಮುರಿಯುವುದಿಲ್ಲ. ಆದರೆ ಮೊದಲು ಅಪರೂಪಕ್ಕೆ ಬಾಗುತ್ತಿದ್ದ ಕೋನದಲ್ಲಿ ಈಗ ಅದು ದಿನವಿಡೀ ಸುತ್ತುತ್ತದೆ. ಬಿಸಿ ಹೆಚ್ಚುತ್ತದೆ, ಸವೆತ ಹೆಚ್ಚುತ್ತದೆ, ಗ್ರೀಸ್ ಹಿಡಿದಿಡುವ ರಬ್ಬರ್ ಬೂಟಿನ ಮಡಿಕೆಗಳು ಒಂದಕ್ಕೊಂದು ಉಜ್ಜಿ ಹರಿಯುತ್ತವೆ. ಬೂಟು ಹರಿದ ಮೇಲೆ ಗ್ರೀಸ್ ಹೊರಗೆ, ದೂಳು ಮತ್ತು ನೀರು ಒಳಗೆ.

ನಿಜವಾದ ಅಪಾಯ ಇರುವುದು ಚಕ್ರ ಜೋತುಬಿದ್ದಾಗ. ಹಳ್ಳಕ್ಕೆ ಇಳಿದಾಗ ಅಥವಾ ಬದು ದಾಟುವಾಗ ಒಂದು ಚಕ್ರ ಗಾಳಿಯಲ್ಲಿ ತೂಗುತ್ತದೆ. ಮೇಲಿನ ಉದಾಹರಣೆಯಲ್ಲಿ ಚಕ್ರ ಮೂಲತಃ ಇನ್ನೂ 8 ಸೆಂ.ಮೀ. ಕೆಳಗೆ ಇಳಿಯುವಂತಿದ್ದರೆ, ಆಗ ಶಾಫ್ಟಿನ ಕೋನ ಸುಮಾರು 16 ಡಿಗ್ರಿ. ಸಸ್ಪೆನ್ಶನ್ ಸ್ಟ್ರಟ್‌ನ ತಲೆಯ ಮೇಲೆ ಸ್ಪೇಸರ್ ಕೂರಿಸಿ 5 ಸೆಂ.ಮೀ. ಎತ್ತರಿಸಿದ ಗಾಡಿಯಲ್ಲಿ ಅದು 22 ಡಿಗ್ರಿ ದಾಟುತ್ತದೆ. ಮಿತಿ ಅಲ್ಲಿಂದ ದೂರವಿಲ್ಲ. ಈ ಸ್ಥಿತಿಯಲ್ಲಿ ಆಕ್ಸಿಲರೇಟರ್ ಒತ್ತಿದರೆ ಕೀಲು ಸಿಕ್ಕಿಕೊಂಡು ಒಡೆಯಬಹುದು. ಕಲ್ಲುಬಂಡೆಯ ದಾರಿಯಲ್ಲಿ ಶಾಫ್ಟ್ ಮುರಿಯುವುದು ಬಹುಪಾಲು ಹೀಗೆಯೇ: ಚಕ್ರ ಜೋತಿದೆ, ಸ್ಟಿಯರಿಂಗ್ ಪೂರ್ತಿ ತಿರುಗಿದೆ, ಕಾಲು ಆಕ್ಸಿಲರೇಟರ್ ಮೇಲಿದೆ.

'ಟೂ ವೀಲ್ ಡ್ರೈವ್ ಆದರೆ ಚಿಂತೆ ಇಲ್ಲ' ಎನ್ನುವುದು ನಿಜವೇ?

ಅರ್ಧ ನಿಜ. ಮುರಿಯಲು ಶಾಫ್ಟ್ ಇಲ್ಲ. ಆದರೆ ಬಾಲ್ ಜಾಯಿಂಟ್, ಟೈ ರಾಡ್, ಕಂಟ್ರೋಲ್ ಆರ್ಮ್‌ನ ಬುಷ್‌ಗಳು ಇದ್ದೇ ಇವೆ. ಮೂತಿ ಎತ್ತರಿಸಿದಾಗ ಮೇಲಿನ ಬಾಲ್ ಜಾಯಿಂಟ್ ತನ್ನ ಬಾಗುವಿಕೆಯ ಅಂಚಿಗೆ ಬರುತ್ತದೆ. ಅದರ ಮೇಲೂ ಬಾಗಿಸಿದರೆ ಸ್ಟಡ್ ತನ್ನ ಗೂಡಿನ ಅಂಚಿಗೆ ತಾಗಿ ಪ್ರತಿ ಗುಂಡಿಯಲ್ಲೂ ಪೆಟ್ಟು ತಿನ್ನುತ್ತದೆ. ಸಿ.ವಿ. ಜಾಯಿಂಟ್ ಮುರಿದರೆ ಗಾಡಿ ನಿಲ್ಲುತ್ತದೆ. ಬಾಲ್ ಜಾಯಿಂಟ್ ಕಳಚಿದರೆ ಚಕ್ರ ಮಡಚಿಕೊಂಡು ಗಾಡಿ ಹಿಡಿತ ತಪ್ಪುತ್ತದೆ. ಸಂಗಮದ ಕಡೆಗೆ ಕಾಡಿನ ನಡುವೆ ತಿರುವು ತಿರುವಾಗಿ ಇಳಿಯುವ ದಾರಿಯಲ್ಲಿ ಹಾಗಾದರೆ ಏನಾಗಬಹುದು ಎಂದು ಬಿಡಿಸಿ ಹೇಳಬೇಕಿಲ್ಲ.

ಗಟ್ಟಿ ಆಕ್ಸಲ್‌ನ ಕಥೆಯೇನು?

ಇಲ್ಲಿ ಆಕ್ಸಲ್ ಕೊಳವೆಗೆ ಎತ್ತರದ ಕಾರಣದಿಂದ ನೇರ ಪೆಟ್ಟಿಲ್ಲ. ಕೆಡುವುದು ಬೇರೆ. ಉದ್ದನೆಯ ಶ್ಯಾಕಲ್ ಹಾಕಿದಾಗ ಆಕ್ಸಲ್ ತುಸು ಉರುಳಿದಂತಾಗಿ ಕ್ಯಾಸ್ಟರ್ ಕೋನ ಬದಲಾಗುತ್ತದೆ. ಗಾಡಿ ರಸ್ತೆಯಲ್ಲಿ ನೇರ ಹೋಗದೆ ಅಲೆಯಬಹುದು. ಮುಂದಿನ ಪ್ರೊಪೆಲ್ಲರ್ ಶಾಫ್ಟ್‌ನ ಕ್ರಾಸ್ ಜಾಯಿಂಟ್‌ಗಳ ಕೋನವೂ ಬದಲಾಗುತ್ತದೆ.

ಒಂದು ಕೆಲಸವನ್ನಂತೂ ಮಾಡಲೇಬಾರದು: ಮುಂದಿನ ಆಕ್ಸಲ್ ಮತ್ತು ಕಮಾನು ಪಟ್ಟಿಗಳ ನಡುವೆ ಕಬ್ಬಿಣದ ಬ್ಲಾಕ್ ಇಟ್ಟು ಎತ್ತರಿಸುವುದು. ಬ್ರೇಕ್ ಹಿಡಿದಾಗ ಗಾಡಿಯ ಭಾರ ಮುಂದಕ್ಕೆ ಬೀಳುತ್ತದೆ, ಆಕ್ಸಲ್ ಉರುಳಲು ಯತ್ನಿಸುತ್ತದೆ. ನಡುವಿನ ಬ್ಲಾಕ್ ಆ ಬಲಕ್ಕೆ ಸನ್ನೆಯಂತೆ ಒದಗುತ್ತದೆ. ಪಟ್ಟಿಗಳು ತಿರುಚಿಕೊಳ್ಳುತ್ತವೆ, ಬ್ಲಾಕ್ ಜಾರಿ ಹೊರಬಂದರೆ ಆಕ್ಸಲ್ಲೇ ಜಾಗ ಬಿಡುತ್ತದೆ. ಯು-ಬೋಲ್ಟ್‌ಗಳನ್ನು ಬಿಚ್ಚಿದರೆ ಹಳೆಯವನ್ನೇ ಮತ್ತೆ ಹಾಕಬೇಡಿ. ಒಮ್ಮೆ ಬಿಗಿಯಾಗಿ ಎಳೆಸಿಕೊಂಡ ಬೋಲ್ಟ್ ಎರಡನೆಯ ಸಲ ಅದೇ ಹಿಡಿತ ಕೊಡುವುದಿಲ್ಲ.

'ಒಂದಿಂಚಿನ ಬಿಲ್ಲೆ ಹಾಕಿದರೆ ಒಂದಿಂಚು ಏಳುತ್ತದೆ' ಎಂಬ ತಪ್ಪು ಲೆಕ್ಕ

ಸ್ಟ್ರಟ್ ಚಕ್ರದ ನೇರಕ್ಕೆ ಕೂತಿರುವುದಿಲ್ಲ. ಕೆಳಗಿನ ಆರ್ಮ್‌ನ ನಡುವೆ ಎಲ್ಲೋ ಕೂತಿರುತ್ತದೆ. ಆರ್ಮ್‌ನ ಕೀಲಿನಿಂದ ಚಕ್ರಕ್ಕೆ 40 ಸೆಂ.ಮೀ., ಸ್ಟ್ರಟ್‌ಗೆ 25 ಸೆಂ.ಮೀ. ದೂರ ಎಂದುಕೊಂಡರೆ, ಮೇಲೆ ಇಟ್ಟ 25 ಮಿ.ಮೀ. ಬಿಲ್ಲೆ ಚಕ್ರದ ಬಳಿ 40 ಮಿ.ಮೀ. ಎತ್ತರ ಕೊಡುತ್ತದೆ. ಎರಡು ಇಂಚು ಬೇಕೆಂದು ಎರಡು ಇಂಚಿನದೇ ಬಿಲ್ಲೆ ಕಡೆಸಿ ಹಾಕಿದವರು ಮೂರು ಇಂಚು ದಾಟಿರುತ್ತಾರೆ. ಲೇತ್‌ನಲ್ಲಿ ಕಡೆಸಿದ ಬಿಲ್ಲೆಗಳಲ್ಲಿ, ಒಂದರ ಮೇಲೊಂದು ಪೇರಿಸಿದ ಸ್ಪೇಸರ್‌ಗಳಲ್ಲಿ ಆಗುವ ಎಡವಟ್ಟು ಇದೇ.

ಸ್ಪೇಸರ್ ಎಲ್ಲಿ ಕೂರುತ್ತದೆ ಎಂಬುದೂ ಮುಖ್ಯ. ಸ್ಟ್ರಟ್‌ನ ತಲೆಯ ಮೇಲೆ ಕೂತರೆ ಚಕ್ರ ಮೊದಲಿಗಿಂತ ಕೆಳಗೆ ಜೋತುಬೀಳುತ್ತದೆ, ಸಿ.ವಿ. ಜಾಯಿಂಟ್‌ಗೆ ಅಪಾಯ ಹೆಚ್ಚು. ಗಾಡಿ ಪೂರ್ತಿ ಅಮುಕಿದಾಗ ರಬ್ಬರ್ ತಡೆಗೆ ತಾಗುವ ಮೊದಲೇ ಶಾಕ್ ಅಬ್ಸಾರ್ಬರ್ ತಳ ಮುಟ್ಟಬಹುದು. ಸ್ಪ್ರಿಂಗ್‌ಗೂ ಅದರ ತಟ್ಟೆಗೂ ನಡುವೆ ಕೂತರೆ ಚಕ್ರ ಜೋತುಬೀಳುವ ಮಿತಿ ಬದಲಾಗುವುದಿಲ್ಲ. ಆದರೆ ಕೆಳಗೆ ಆಡಲು ಉಳಿದ ಜಾಗ ಕಡಿಮೆಯಾಗಿ ಗಾಡಿ ಕುಕ್ಕುತ್ತದೆ. ಟಾರ್ಶನ್ ಬಾರ್ ಬಿಗಿ ಮಾಡಿದಾಗಲೂ ಹೀಗೆಯೇ ಆಗುತ್ತದೆ.

ಕೂರಿಸುವಾಗ ಆಕ್ಸಲ್ ಉಳಿಸಿಕೊಳ್ಳುವುದು ಹೇಗೆ?

ನೀವೇ ಮಾಡಿದರೂ ಗ್ಯಾರೇಜಿನಲ್ಲಿ ಮಾಡಿಸಿದರೂ ಈ ಕ್ರಮವನ್ನು ಗಮನಿಸಿ.

1. ಮೊದಲು ಅಳತೆ. ಸಮತಟ್ಟಾದ ಜಾಗದಲ್ಲಿ ಗಾಡಿ ನಿಲ್ಲಿಸಿ, ನಾಲ್ಕೂ ಚಕ್ರಗಳ ನಡುಬಿಂದುವಿನಿಂದ ಮೇಲಿನ ಮಡ್‌ಗಾರ್ಡ್ ಅಂಚಿನವರೆಗೆ ಅಳೆದು ಬರೆದಿಡಿ. ನೆಲದಿಂದ ಅಳೆದರೆ ಟಯರಿನ ಗಾಳಿ ಲೆಕ್ಕ ತಪ್ಪಿಸುತ್ತದೆ.

2. ಹಳೆಯ ಭಾಗಗಳನ್ನು ಪರೀಕ್ಷಿಸಿ. ಬಾಲ್ ಜಾಯಿಂಟ್ ಆಡುತ್ತಿದೆಯೇ, ಬೂಟು ಬಿರುಕು ಬಿಟ್ಟಿದೆಯೇ, ಟೈ ರಾಡ್ ಸಡಿಲವೇ ನೋಡಿ. ಸವೆದಿದ್ದರೆ ಅದನ್ನು ಬದಲಿಸಿಯೇ ಮುಂದಿನ ಮಾತು.

3. ಹಿಂಚಕ್ರಕ್ಕೆ ಕಲ್ಲು ಕೊಟ್ಟು, ಜಾಕಿಯಿಂದ ಎತ್ತಿದ ಮೇಲೆ ಚಾಸಿಯ ಕೆಳಗೆ ಜಾಕ್ ಸ್ಟ್ಯಾಂಡ್ ಇಡಿ. ಜಾಕಿಯೊಂದನ್ನೇ ನಂಬಿ, ಇಟ್ಟಿಗೆ ಪೇರಿಸಿ ಗಾಡಿಯ ಕೆಳಗೆ ಹೋಗಬೇಡಿ.

4. ಚಕ್ರದ ಹಬ್ ಅನ್ನು ಶಾಫ್ಟಿನ ಮೇಲೆ ತೂಗಲು ಬಿಡಬೇಡಿ. ಹೆಚ್ಚಿನ ಹಾನಿ ಆಗುವುದು ಇಲ್ಲಿ. ಮೇಲಿನ ಬಾಲ್ ಜಾಯಿಂಟ್ ಬಿಚ್ಚಿದ ಕೂಡಲೇ ಹಬ್ ಹೊರಕ್ಕೆ ವಾಲಿ ಶಾಫ್ಟನ್ನು ಎಳೆಯುತ್ತದೆ. ಒಳಗಿನ ಕೀಲು ತನ್ನ ಗೂಡಿನಿಂದ ಕಳಚಿಕೊಳ್ಳಬಹುದು. ಹೊರಗಿನಿಂದ ಬೂಟು ಸರಿಯಾಗಿಯೇ ಕಾಣುತ್ತಿರುತ್ತದೆ. ಕೆಳಗಿನ ಆರ್ಮ್‌ಗೆ ಎರಡನೆಯ ಜಾಕಿ ಕೊಡಿ, ಹಬ್ಬನ್ನು ತಂತಿಯಿಂದ ಚಾಸಿಗೆ ಕಟ್ಟಿ.

5. ಬ್ರೇಕ್ ಹೋಸ್ ಮತ್ತು ಎ.ಬಿ.ಎಸ್. ತಂತಿಯ ಕ್ಲಿಪ್‌ಗಳನ್ನು ಮೊದಲೇ ಬಿಡಿಸಿ. ಆ್ಯಂಟಿ ರೋಲ್ ಬಾರ್‌ನ ಕೊಂಡಿಯನ್ನು ಎರಡೂ ಬದಿಯಲ್ಲಿ ಬಿಚ್ಚಿ. ಒಂದೇ ಬದಿ ಬಿಚ್ಚಿದರೆ ಆರ್ಮ್ ಕೆಳಗೆ ಬರುವುದಿಲ್ಲ, ಆಗ ಬಲ ಹಾಕುವ ಆಸೆಯಾಗುತ್ತದೆ.

6. ಸ್ಟ್ರಟ್ ಕೂರಿಸಲು ಜಾಗ ಸಾಲದಿದ್ದರೆ ಹಾರೆಯನ್ನು ಆರ್ಮ್‌ಗೆ ಮಾತ್ರ ಕೊಡಿ. ಶಾಫ್ಟ್‌ಗೆ, ಬೂಟಿಗೆ, ಡಿಫರೆನ್ಶಿಯಲ್‌ನ ಸೀಲ್ ಬಳಿಗೆ ಹಾರೆ ತಾಗಿಸಬೇಡಿ. ಬಾಲ್ ಜಾಯಿಂಟಿನ ಸ್ಟಡ್ ತುದಿಗೆ ಸುತ್ತಿಗೆಯ ಏಟು ಬೇಡ, ಪುಲ್ಲರ್ ಬಳಸಿ. ಹಳೆಯ ಕಾಟರ್ ಪಿನ್ ಎಸೆದು ಹೊಸದು ಹಾಕಿ.

7. ಚಕ್ರದ ನಡುವಿನ ದೊಡ್ಡ ಆಕ್ಸಲ್ ನಟ್ ಬಿಚ್ಚಿದ್ದರೆ, ಅದನ್ನು ಕಂಪನಿ ಹೇಳಿದ ಬಿಗಿತಕ್ಕೆ ತರುವವರೆಗೆ ಗಾಡಿಯ ಭಾರವನ್ನು ಆ ಚಕ್ರದ ಮೇಲೆ ಬಿಡಬೇಡಿ, ಉರುಳಿಸಬೇಡಿ. ಹಬ್ ಬೇರಿಂಗ್ ಕೆಡುತ್ತದೆ.

8. ಸ್ಪ್ರಿಂಗನ್ನು ಅಮುಕಿ ಬಿಚ್ಚುವ ಬಗೆಯ ಕಿಟ್ ಆದರೆ ಮನೆಯಲ್ಲಿ ಕೈ ಹಾಕಬೇಡಿ. ಅಮುಕಿದ ಕಾಯಿಲ್ ಸ್ಪ್ರಿಂಗ್ ಚಿಮ್ಮಿದರೆ ಪ್ರಾಣಕ್ಕೇ ಸಂಚಕಾರ. ಸರಿಯಾದ ಸ್ಪ್ರಿಂಗ್ ಕಂಪ್ರೆಸರ್ ಇರುವ ಗ್ಯಾರೇಜಿಗೇ ಬಿಡಿ.

9. ರಬ್ಬರ್ ಬುಷ್ ಇರುವ ಬೋಲ್ಟ್‌ಗಳನ್ನು ಚಕ್ರ ಜೋತಿರುವಾಗ ಪೂರ್ತಿ ಬಿಗಿ ಮಾಡಬೇಡಿ. ಗಾಡಿ ನೆಲಕ್ಕಿಳಿದು ತನ್ನ ಭಾರದ ಮೇಲೆ ನಿಂತ ನಂತರ ಬಿಗಿ ಮಾಡಿ. ಇಲ್ಲವಾದರೆ ಬುಷ್ ಸದಾ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ.

10. ಚಕ್ರ ಹಾಕುವ ಮುನ್ನ ಕೊನೆಯ ಪರೀಕ್ಷೆ. ಸಸ್ಪೆನ್ಶನ್ ಪೂರ್ತಿ ಜೋತಿರುವಾಗ ಸ್ಟಿಯರಿಂಗನ್ನು ಎಡ ತುದಿಯಿಂದ ಬಲ ತುದಿಗೆ ತಿರುಗಿಸಿ, ಗೇರ್ ನ್ಯೂಟ್ರಲ್‌ನಲ್ಲಿಟ್ಟು ಹಬ್ಬನ್ನು ಕೈಯಿಂದ ಸುತ್ತಿಸಿ. ಎಲ್ಲಾದರೂ ಸಿಕ್ಕಿಕೊಂಡಂತಾದರೆ, ಮೇಲಿನ ಆರ್ಮ್ ಸ್ಪ್ರಿಂಗ್‌ಗೆ ತಾಗುತ್ತಿದ್ದರೆ, ಬ್ರೇಕ್ ಹೋಸ್ ಎಳೆದುಕೊಂಡಿದ್ದರೆ ಆ ಎತ್ತರ ನಿಮ್ಮ ಗಾಡಿಗೆ ಹೆಚ್ಚಾಯಿತು ಎಂದರ್ಥ. ಬಿಲ್ಲೆಯನ್ನು ತೆಳುವಾಗಿಸಿ.

ಮುಗಿದ ಮೇಲೆ

ಅದೇ ದಿನ ವೀಲ್ ಅಲೈನ್‌ಮೆಂಟ್ ಮಾಡಿಸಿ. ಎತ್ತರ ಬದಲಾದರೆ ಟೋ, ಕ್ಯಾಂಬರ್ ಎರಡೂ ಬದಲಾಗುತ್ತವೆ. ಹಾಗೆಯೇ ಓಡಿಸಿದರೆ ಹೊಸ ಟಯರಿನ ಒಂದು ಅಂಚು ಬೇಗನೆ ಬೋಳಾಗುತ್ತದೆ. ಅಲೈನ್‌ಮೆಂಟ್ ಯಂತ್ರದಲ್ಲಿ ಅಂಕಿಗಳು ಹಸಿರಿಗೆ ಬರಲೇ ಇಲ್ಲವೆಂದರೆ ಹೊಂದಾಣಿಕೆಯ ಮಿತಿ ಮೀರಿದೆ. ಆಗ ಬೇರೆ ಬಗೆಯ ಮೇಲಿನ ಆರ್ಮ್ ಬೇಕು, ಇಲ್ಲವೇ ಎತ್ತರ ಇಳಿಸಬೇಕು. ಹೆಡ್‌ಲೈಟ್ ಬೆಳಕನ್ನು ತಗ್ಗಿಸಿಕೊಳ್ಳಿ. ಸುಮಾರು 100 ಕಿ.ಮೀ. ಓಡಿದ ಮೇಲೆ ಒಮ್ಮೆ, 500 ಕಿ.ಮೀ. ಆದ ಮೇಲೆ ಇನ್ನೊಮ್ಮೆ ಎಲ್ಲ ಬೋಲ್ಟ್‌ಗಳ ಬಿಗಿತ ನೋಡಿ.

ಕೆಲವರು ಡಿಫರೆನ್ಶಿಯಲ್ಲನ್ನೇ ಸ್ವಲ್ಪ ಕೆಳಗಿಳಿಸುವ ಕಿಟ್ ಹಾಕಿ ಶಾಫ್ಟಿನ ಕೋನ ತಗ್ಗಿಸುತ್ತಾರೆ. ಅದು ಫಲ ಕೊಡುತ್ತದೆ. ಆದರೆ ಡಿಫರೆನ್ಶಿಯಲ್ ನೆಲಕ್ಕೆ ಅಷ್ಟು ಹತ್ತಿರವಾಗುತ್ತದೆ, ಬಾಲ್ ಜಾಯಿಂಟಿನ ಸಮಸ್ಯೆ ಹಾಗೆಯೇ ಉಳಿಯುತ್ತದೆ.

ಈ ಲಕ್ಷಣಗಳು ಕಂಡರೆ ತಡ ಮಾಡಬೇಡಿ: ಪೂರ್ತಿ ತಿರುಗಿಸಿ ಚಲಿಸುವಾಗ ಚಕ್ರದ ಬಳಿ 'ಟಕ್ ಟಕ್' ಸದ್ದು, ಚಕ್ರದ ಒಳಬದಿಗೆ ಸಿಡಿದ ಗ್ರೀಸ್, ವೇಗ ಹೆಚ್ಚಿಸಿದಾಗ ನಡುಕ, ಗುಂಡಿಗೆ ಬಿದ್ದಾಗ ಲೋಹಕ್ಕೆ ಲೋಹ ತಾಗಿದ ಸದ್ದು. ಬೂಟು ಹರಿದದ್ದು ಬೇಗ ಗೊತ್ತಾದರೆ ಬೂಟು ಮತ್ತು ಗ್ರೀಸಿನ ಖರ್ಚಿನಲ್ಲಿ ಮುಗಿಯುತ್ತದೆ. ತಡವಾದರೆ ಇಡೀ ಶಾಫ್ಟ್ ಬದಲಿಸಬೇಕಾಗುತ್ತದೆ.

ಕಾನೂನು ಏನು ಹೇಳುತ್ತದೆ?

1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ನೋಂದಣಿ ಪತ್ರದಲ್ಲಿರುವ ವಿವರಗಳು ತಯಾರಕರು ಮೂಲತಃ ನಮೂದಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಮಾರ್ಪಡಿಸುವಂತಿಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಈ ನಿಯಮವನ್ನು ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಸೆಕ್ಷನ್, ಅನುಮತಿಯಿಲ್ಲದ ಮಾರ್ಪಾಡಿಗೆ ಆರು ತಿಂಗಳವರೆಗೆ ಜೈಲು, ಅಥವಾ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ, ಅಥವಾ ಎರಡನ್ನೂ ವಿಧಿಸಲು ಅವಕಾಶ ಕೊಡುತ್ತದೆ. ಅಪಘಾತವಾದಾಗ ವಿಮಾ ಕಂಪನಿ ತಕರಾರು ತೆಗೆಯಲೂ, ವಾರಂಟಿ ತಿರಸ್ಕೃತವಾಗಲೂ ಇದು ದಾರಿ ಮಾಡಿಕೊಡಬಹುದು. ಹಣ ಹಾಕುವ ಮುನ್ನ ಆರ್‌ಟಿಒ ಕಚೇರಿಯಲ್ಲಿ, ವಿಮಾ ಕಂಪನಿಯಲ್ಲಿ ಕೇಳಿಕೊಳ್ಳಿ. ಉತ್ತರವನ್ನು ಬರಹದಲ್ಲಿ ಪಡೆದರೆ ಒಳ್ಳೆಯದು.

ಒಟ್ಟಿನಲ್ಲಿ ನಮ್ಮ ಉತ್ತರ ಇದು. ನಿಮ್ಮ ಮಾದರಿಗೆಂದೇ ತಯಾರಾದ ಕಿಟ್ ಬಳಸಿ, ಒಂದು-ಒಂದೂವರೆ ಇಂಚಿನೊಳಗೆ ನಿಂತು, ಹಬ್ಬನ್ನು ತೂಗಲು ಬಿಡದೆ ಕೂರಿಸಿ, ಅಲೈನ್‌ಮೆಂಟ್ ಮಾಡಿಸಿದರೆ ಮುಂದಿನ ಆಕ್ಸಲ್‌ಗೆ ಹಾನಿಯಾಗುವ ಸಂಭವ ಕಡಿಮೆ. ಎರಡು ಇಂಚು ದಾಟಿದ ಮೇಲೆ ಪ್ರತಿ ಮಿಲಿಮೀಟರ್ ಕೂಡ ಕೀಲುಗಳ ಆಯುಷ್ಯದಿಂದ ಕಡಿತವಾಗುತ್ತದೆ. ದಿನವೂ ಲೋಡ್ ಹೊರುವ ಗಾಡಿಯಾದರೆ ಮೂತಿ ತಗ್ಗಿಯೇ ಇರಲಿ. ಆ ತಗ್ಗು ಹಿಂದೆ ಬೀಳುವ ಭಾರಕ್ಕೆಂದು ಬಿಟ್ಟ ಜಾಗ.